ಸಹಿ ಹಾಕದ ಎಕ್ಸ್‌ಪೋರ್ಟ್ ಮ್ಯಾನೇಜರು

ನನಗೆ ಮೊದಲ ನೌಕರಿ ಕೊಟ್ಟವರು ಇಂಟರ್‌ವ್ಯೂನಲ್ಲಿ ನನ್ನ ಟೈಪಿಂಗ್ ಸ್ಪೀಡು ಕೇಳಲಿಲ್ಲ. ನಾನು ಜೋಡಿಸಿಕೊಂಡು ಹೋಗಿದ್ದ ಸರ್ಟಿಫಿಕೇಟುಗಳನ್ನು ಹಾಗೇ ಪಕ್ಕಕ್ಕೆ ಸರಿಸಿ, ಹೆಸರು ನೋಡಿ ಕನ್ನಡದವಳೆಂದು ತಿಳಿದದ್ದರಿಂದಲೋ ಏನೋ, ಕನ್ನಡದಲ್ಲೇ ಕೇಳಿದರು: "ಯಾರಿಗಾದ್ರೂ 'ಇಲ್ಲ' ಅಂತ ಹೇಳಿ, ಅವರ ಮನಸ್ಸಿಗೆ ನೋವಾಗದ ಹಾಗೆ ಕಳಿಸಿದ್ದೀರಾ?"

ಹಿಂದಿನ ಭಾನುವಾರವಷ್ಟೇ ದಿಲ್ಲಿಯ ಆರ್.ಕೆ.ಪುರಂನ ನಮ್ಮ ಕ್ವಾರ್ಟರ್ಸಿಗೆ ನನ್ನನ್ನು ನೋಡಲು ಗಂಡಿನ ಕಡೆಯವರು ಬಂದಿದ್ದರು. ಹುಡುಗ ಒಳ್ಳೆಯವನೇ, ಆದರೆ ನನಗೆ ಆಗ ಮದುವೆ ಬೇಡವಾಗಿತ್ತು. ಅಡುಗೆಮನೆಗೆ ನೀರು ಕುಡಿಯಲು ಬಂದ ಅವನ ತಾಯಿಯ ಹತ್ತಿರ ನಾನೇ ಆ ಮಾತು ಹೇಳಿದ್ದೆ. ಆಕೆ ಸಿಟ್ಟಾಗಲಿಲ್ಲ. ಹೋಗುವಾಗ ನಾನು ಕರಿದ ಕೋಡುಬಳೆ ಚೆನ್ನಾಗಿದೆಯೆಂದು ಪೊಟ್ಟಣ ಕಟ್ಟಿಸಿಕೊಂಡು ಹೋದರು. ಬೇರೆ ಉದಾಹರಣೆ ಹೊಳೆಯದೆ ಇದನ್ನೇ ಹೇಳಿಬಿಟ್ಟೆ. ಅವರು ಕುರ್ಚಿ ಕಿರುಗುಟ್ಟುವಷ್ಟು ನಕ್ಕರು. "ಸೋಮವಾರದಿಂದ ಬನ್ನಿ. ನಮ್ಮಲ್ಲಿ ದಿನಾ ಇದೇ ಕೆಲಸ" ಎಂದರು.

ಎಪ್ಪತ್ತರ ದಶಕದ ಮಧ್ಯಭಾಗ ಅದು. ಟ್ರಾನ್ಸಿಸ್ಟರ್ ಅಂದರೆ ಜನ ರೇಡಿಯೋ ಎಂದೇ ತಿಳಿಯುತ್ತಿದ್ದರು. ನಮ್ಮ ಕಂಪನಿ ಮಾಡುತ್ತಿದ್ದದ್ದು ಆ ರೇಡಿಯೋದ ಹೊಟ್ಟೆಯೊಳಗೆ ಕೂರುವ, ಬಟಾಣಿಕಾಳಿಗಿಂತ ಚಿಕ್ಕದಾದ, ಮೂರು ತಂತಿಕಾಲುಗಳ ನಿಜವಾದ ಟ್ರಾನ್ಸಿಸ್ಟರನ್ನು. ಇಂಥದ್ದಕ್ಕೆ ಸೆಮಿಕಂಡಕ್ಟರ್ ಎನ್ನುತ್ತಾರೆಂದು ಇವತ್ತು ಮಕ್ಕಳಿಗೂ ಗೊತ್ತು. ಆಗ ನಮ್ಮಪ್ಪನಿಗೆ, ಅವರು ಕೇಂದ್ರ ಸರ್ಕಾರದಲ್ಲಿ ಸೆಕ್ಷನ್ ಆಫೀಸರ್ ಆಗಿದ್ದರೂ, ಎಷ್ಟು ಸಲ ಹೇಳಿದರೂ ತಲೆಗೆ ಹೋಗಲಿಲ್ಲ. ಕೇಳಿದವರಿಗೆ "ನಮ್ಮ ಹುಡುಗಿ ರೇಡಿಯೋ ಕಂಪನಿಯಲ್ಲಿದ್ದಾಳೆ" ಎನ್ನುತ್ತಿದ್ದರು. ಕಾರ್ಖಾನೆ ಯಮುನೆಯಾಚೆ ಸಾಹಿಬಾಬಾದಿನಲ್ಲಿತ್ತು. ಎಕ್ಸ್‌ಪೋರ್ಟ್ ವಿಭಾಗ ಮಾತ್ರ ಕನಾಟ್ ಪ್ಲೇಸಿನ ಒಂದು ಹಳೆಯ ಕಟ್ಟಡದ ಮೇಲಂತಸ್ತಿನಲ್ಲಿ. ವಿಭಾಗವೆಂದರೆ ನನಗೆ ನೌಕರಿ ಕೊಟ್ಟ ಈ ಎಕ್ಸ್‌ಪೋರ್ಟ್ ಮ್ಯಾನೇಜರು, ನಾನು, ಇಲ್ಲಿ ಟೈಪು ಮಾಡಿದ್ದನ್ನು ಹೊರದೇಶದಲ್ಲಿ ಅಚ್ಚಾಗಿಸುವ ಒಂದು ಟೆಲೆಕ್ಸ್ ಮಷೀನು. ಹೊರದೇಶಗಳಿಗೆ ನಮ್ಮ ಸರಕು ಮಾರುವ ಹೊಣೆ ಪೂರ್ತಿ ಅವರದು.

ಕುಂದಾಪುರದ ಕಡೆಯವರು. ಅಣ್ಣ ಕರೋಲ್ ಬಾಗಿನಲ್ಲಿ ದೋಸೆ ಹೋಟೆಲು ನಡೆಸುತ್ತಿದ್ದರು. ಇವರು ಅಲ್ಲಿ ಸಂಜೆ ಹೊತ್ತು ಗಲ್ಲಾದ ಮೇಲೆ ಕೂತುಕೊಂಡೇ ಬಿ.ಎಸ್ಸಿ. ಮುಗಿಸಿದವರು. ವ್ಯಾಪಾರ ಕಲಿತದ್ದು ಅಲ್ಲೇ. ಉಂಡೆದ್ದವನ ಮುಖ ನೋಡಿದರೆ ಸಾಂಬಾರಿಗೆ ಉಪ್ಪು ಕಮ್ಮಿಯಾಗಿದೆಯೇ ಇಲ್ಲವೇ ತಿಳಿಯುತ್ತದೆ, ಬಾಯಿಬಿಟ್ಟು ಹೇಳುವವರೆಗೆ ಕಾಯಬಾರದು ಎನ್ನುತ್ತಿದ್ದರು. ಕುಳ್ಳಗಿನ ದುಂಡು ಮೈ, ಎಣ್ಣೆ ಹಚ್ಚಿ ಹಿಂದಕ್ಕೆ ಬಾಚಿದ ಕೂದಲು, ಬೇಸಿಗೆಯಲ್ಲೂ ಟೈ. ಟೈ ಗಂಟು ಕಟ್ಟಿದ್ದು ಒಂದೇ ಸಲವಂತೆ, ಮದುವೆಯ ವರ್ಷ. ಆಮೇಲೆ ಬಿಚ್ಚದೆ ಸಡಿಲ ಮಾಡಿ ತಲೆಯಿಂದ ತೆಗೆದು ಮೊಳೆಗೆ ನೇತುಹಾಕುತ್ತಿದ್ದರೆಂದು ಅವರ ಹೆಂಡತಿಯೇ ನನಗೆ ಹೇಳಿದ್ದು.

ಟೆಲೆಕ್ಸಿನಲ್ಲಿ ನಿಮಿಷಕ್ಕಿಷ್ಟು ಎಂದು ದುಡ್ಡು. ಬೇರೆಯವರೆಲ್ಲ ವಾಕ್ಯಗಳ ಕೈಕಾಲು ಕತ್ತರಿಸಿ ಕಳಿಸಿದರೆ ಇವರು ಕ್ಷೇಮಸಮಾಚಾರದಿಂದ ಶುರುಮಾಡುತ್ತಿದ್ದರು. ಹಾಂಗ್‌ಕಾಂಗಿನ ಒಬ್ಬ ವ್ಯಾಪಾರಿಗೆ ದರಪಟ್ಟಿ ಕಳಿಸುವಾಗ, ನಿಮ್ಮ ತಾಯಿಯ ಮಂಡಿನೋವು ಹೇಗಿದೆ ಎಂಬ ಸಾಲು ಸೇರಿಸಲು ಹೇಳಿದರು. ಅಕೌಂಟ್ಸಿನವರು ಬೈಯುತ್ತಾರೆ ಎಂದು ನಾನು ಆ ಸಾಲು ಬಿಟ್ಟೆ. ಹಾಳೆ ನೋಡಿ ಅವರು ಬೈಯಲಿಲ್ಲ, ಇನ್ನೊಂದು ಸಲ ಕಳಿಸಲು ಹೇಳಿದರು, ಈ ಸಲ ಬರೀ ಮಂಡಿಯ ವಿಚಾರ. ಮಾರನೆಯ ದಿನ ಮಷೀನು ಕಟಕಟ ಎಂದು ಉತ್ತರ ಬಂತು. ಕನ್ನಡದಲ್ಲಿ ಹೇಳುವುದಾದರೆ ಇಷ್ಟೇ: "ಮಂಡಿ ಸುಧಾರಿಸಿದೆ. ಬೆಲೆ ಸುಧಾರಿಸಬೇಕು." ಅದನ್ನು ಹರಿದು ತಮ್ಮ ಮೇಜಿನ ಗಾಜಿನ ಕೆಳಗೆ ಇಟ್ಟುಕೊಂಡರು. ಆ ಮನುಷ್ಯ ಆಮೇಲೆ ನಮ್ಮನ್ನು ಬಿಟ್ಟು ಬೇರೆ ಕಡೆ ಹೋಗಲಿಲ್ಲ.

ವಿದೇಶಕ್ಕೆ ಹೊರಟರೆ ಸೂಟ್‌ಕೇಸಿನ ಅರ್ಧ ಅವಲಕ್ಕಿ. ಆಗ ರಿಸರ್ವ್ ಬ್ಯಾಂಕಿನವರು ಕೊಡುತ್ತಿದ್ದ ಪುಡಿ ಡಾಲರುಗಳಲ್ಲಿ ಸಸ್ಯಾಹಾರಿಯೊಬ್ಬ ಯುರೋಪಿನಲ್ಲಿ ಹದಿನೈದು ದಿನ ಬದುಕುವುದೇ ಒಂದು ಸಾಹಸ. ಹೋಟೆಲಿನ ನಲ್ಲಿಯ ಬಿಸಿನೀರಿನಲ್ಲಿ ಅವಲಕ್ಕಿ ನೆನೆಸಿ ಉಪ್ಪಿನಕಾಯಿ ಕಲಸಿ ತಿಂದು, ಟೈ ಏರಿಸಿಕೊಂಡು ದೊಡ್ಡ ಕಂಪನಿಗಳ ಬಾಗಿಲಿಗೆ ಹೋಗುತ್ತಿದ್ದರು. ಒಮ್ಮೆ ಪಾಲಂ ವಿಮಾನ ನಿಲ್ದಾಣದಲ್ಲಿ ಕಸ್ಟಮ್ಸಿನವನು ಸ್ಯಾಂಪಲ್ ಟ್ರಾನ್ಸಿಸ್ಟರುಗಳ ಡಬ್ಬಿ ತೆರೆದು ಇವೇನು ಎಂದನಂತೆ. ಇವರು ಅಲ್ಲೇ ಅವನ ರೇಡಿಯೋ ತರಿಸಿ, ಹಿಂಬದಿ ಬಿಚ್ಚಿ ತೋರಿಸಿ ವಿವರಿಸುವಷ್ಟರಲ್ಲಿ ವಿಮಾನ ಹೊರಟುಹೋಯಿತು. ಮರಳಿ ಆಫೀಸಿಗೆ ಬಂದು, ಕೆಟ್ಟಿದ್ದ ಆ ರೇಡಿಯೋ ಈಗ ಹಾಡುತ್ತಿದೆ ಎಂದು ಖುಷಿಯಿಂದ ಹೇಳಿದರು. ಎಂ.ಡಿ.ಗೆ ಏನು ಹೇಳುವುದು ಎಂಬ ಚಿಂತೆ ನನಗೆ ಬಿಟ್ಟರು.

ಎಂ.ಡಿ. ಪಂಜಾಬಿನವರು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಇಂಥದ್ದೇ ಕಂಪನಿಯಲ್ಲಿ ಕೆಲಸಮಾಡಿ ಬಂದು ಇದನ್ನು ಕಟ್ಟಿದವರು. ಮೂಗಿನ ತುದಿಯಲ್ಲೇ ಕೋಪ, ಆದರೆ ನ್ಯಾಯವಂತ. ನಾನು ಸೇರಿದ ಎರಡನೆಯ ವರ್ಷ ಅಮೆರಿಕದಲ್ಲಿ ಕಂಡ ಒಂದು ಪದ್ಧತಿಯನ್ನು ಇಲ್ಲೂ ತಂದರು. ಮಾಸಿಕ ಸಂಬಳದ ನೌಕರರಿಗೆಲ್ಲ ಒಂದೊಂದು ಪತ್ರ ಬಂತು. ಮುಂದಿನ ಎರಡು ವರ್ಷದೊಳಗೆ ನೀವು ಯಾವಾಗ ಬೇಕಾದರೂ ಕಂಪನಿಯ ಇಷ್ಟು ಷೇರುಗಳನ್ನು ಇವತ್ತಿನ ಬೆಲೆಗೇ ಕೊಳ್ಳಬಹುದು, ಬೇಡವಾದರೆ ಬಿಡಬಹುದು, ಒಪ್ಪಿಗೆಯಿದ್ದರೆ ಈ ತಿಂಗಳ ಕೊನೆಯೊಳಗೆ ಸಹಿ ಹಾಕಿ ಕೊಡಿ ಎಂದು. ಪತ್ರದಲ್ಲಿದ್ದ ಆಪ್ಷನ್ ಎಂಬ ಪದವನ್ನು ನಾವೆಲ್ಲ ಪರೀಕ್ಷೆಯ ಪ್ರಶ್ನೆಪತ್ರಿಕೆಯಲ್ಲಿ ಬಿಟ್ಟರೆ ಬೇರೆಲ್ಲೂ ಕೇಳಿರಲಿಲ್ಲ. ಎಕ್ಸ್‌ಪೋರ್ಟ್ ಮ್ಯಾನೇಜರಾಗಿ ಅವರಿಗೆ ಬಂದದ್ದು ದೊಡ್ಡ ಪಾಲು. ಷೇರಿನ ಬೆಲೆ ಏರಿದರೆ ಆ ಲಾಭ ಅವರದೇ. ಜನಕಪುರಿಯಲ್ಲಿ ಒಂದು ಫ್ಲ್ಯಾಟಿನ ಕನಸು ಅವರ ಮನೆಯಲ್ಲಿ ಆಗಲೇ ಶುರುವಾಗಿತ್ತು.

ಎಲ್ಲರೂ ಮೊದಲ ವಾರದಲ್ಲೇ ಸಹಿ ಹಾಕಿದರು. ಅವರ ಪತ್ರ ಮಾತ್ರ ಟ್ರೇಯಲ್ಲೇ ಉಳಿಯಿತು. ಕಾರಣ ಕೇಳಿದಾಗ ಅವರು ಹೇಳಿದ್ದು ಸಾಹಿಬಾಬಾದಿನ ಬಾಂಡಿಂಗ್ ಹಾಲಿನ ಹೆಂಗಸರ ವಿಷಯ. ಅಲ್ಲಿ ನಲವತ್ತು ಮಂದಿ ಹೆಂಗಸರು ದಿನವಿಡೀ ಮೈಕ್ರೋಸ್ಕೋಪಿಗೆ ಕಣ್ಣಿಟ್ಟು, ಕೂದಲಿಗಿಂತ ಸಣ್ಣ ಚಿನ್ನದ ತಂತಿಯನ್ನು ಸಾಸಿವೆಗಿಂತ ಸಣ್ಣ ಸಿಲಿಕಾನ್ ಚೂರಿಗೆ ಅಂಟಿಸುತ್ತಿದ್ದರು. ಆ ಕೆಲಸವಿಲ್ಲದೆ ಟ್ರಾನ್ಸಿಸ್ಟರೇ ಇಲ್ಲ. ಆದರೆ ಅವರದು ದಿನಗೂಲಿ. ಅವರ ಹೆಸರು ಪಟ್ಟಿಯಲ್ಲಿರಲಿಲ್ಲ.

ಎಂ.ಡಿ. ಹತ್ತಿರ ಈ ಮಾತು ಎತ್ತಿದಾಗ, ಆ ಹೆಂಗಸರಿಗೆ ಷೇರು ಅಂದರೇನು ಗೊತ್ತು, ಕೊಟ್ಟರೆ ನಾಳೆಯೇ ಮಾರಿಬಿಡುತ್ತಾರೆ ಎಂದು ಅವರು ಹೇಳಿದರಂತೆ. ನೀವು ಹೇಳಿಕೊಡುವ ತನಕ ನನಗೂ ಗೊತ್ತಿರಲಿಲ್ಲವಲ್ಲ ಎಂದರಂತೆ ಇವರು. ಸಹಿ ಹಾಕದಿದ್ದರೆ ನಿಮ್ಮದೂ ಹೋಗುತ್ತದೆ ಎಂದು ಎಂ.ಡಿ. ಎಚ್ಚರಿಸಿ ಕಳಿಸಿದರು.

ಟೆಲೆಕ್ಸ್ ಆಪರೇಟರಾದ ನನಗೂ ಒಂದು ಚಿಕ್ಕ ಪತ್ರ ಬಂದಿತ್ತು. ಅವರು ಹಾಕದೆ ನಾನು ಹೇಗೆ ಹಾಕುವುದು ಎಂದು ನಾನೂ ಇಟ್ಟುಕೊಂಡೇ ಇದ್ದೆ. ಒಂದು ಮಧ್ಯಾಹ್ನ ಅದನ್ನು ಗಮನಿಸಿ ತಮ್ಮ ಪೆನ್ನು ತೆಗೆದು ನನ್ನ ಮುಂದಿಟ್ಟರು.

"ಹಾಕಮ್ಮ ಸಹಿ. ನನ್ನ ಜಗಳಕ್ಕೆ ನಿನ್ನ ಕಾಗದ ಯಾಕೆ?"

ನಾನು ಹಾಕಿದೆ. ಅವರ ಹೆಂಡತಿಗೆ ಮಾತ್ರ ಈ ಜಗಳ ಹಿಡಿಸಲಿಲ್ಲ. "ಸಹಿ ಹಾಕದೆ ಮನೆಗೆ ಬರಬೇಡಿ ಅಂತ ಹೇಳಿದ್ದೆ. ಬಂದ್ರು, ಕೈತೊಳ್ಕೊಂಡ್ರು, ಇವತ್ತೇನು ಸಾರು ಅಂದ್ರು. ಏನು ಮಾಡೋದು ಹೇಳು" ಎಂದು ಫೋನಿನಲ್ಲಿ ನನ್ನ ಹತ್ತಿರ ದೂರಿದರು.

ತಿಂಗಳ ಕೊನೆಯ ವಾರ ಯುಗೋಸ್ಲಾವಿಯಾದ ಒಂದು ರೇಡಿಯೋ ಕಾರ್ಖಾನೆಯಿಂದ ಇಂಜಿನಿಯರ್ ಬರುವವರಿದ್ದರು. ಅವರು ಒಪ್ಪಿದರೆ ಇಡೀ ವರ್ಷದ ಸರಕು ನಮ್ಮಿಂದ ಹೋಗುತ್ತಿತ್ತು. ಇಲ್ಲವಾದರೆ ಕಾರ್ಖಾನೆಯ ಎರಡನೆಯ ಪಾಳಿ ಮುಚ್ಚುತ್ತಾರೆ ಎಂಬ ಮಾತಿತ್ತು. ಎರಡನೆಯ ಪಾಳಿ ಮುಚ್ಚಿದರೆ ಮೊದಲು ಮನೆಗೆ ಹೋಗಬೇಕಾದವರು ಆ ಹೆಂಗಸರೇ. ವಿಮಾನ ಇಳಿದು ಬಂದದ್ದು ಐವತ್ತು ದಾಟಿದ, ಬೂದುಗೂದಲಿನ ಒಬ್ಬ ಹೆಣ್ಣುಮಗಳು. ಎಂ.ಡಿ. ಗಂಡಸು ಬರುತ್ತಾನೆಂದು ತಂದಿದ್ದ ಸಿಗಾರ್ ಪೆಟ್ಟಿಗೆಯನ್ನು ಸದ್ದಿಲ್ಲದೆ ಡ್ರಾಯರಿನೊಳಗೆ ಇಟ್ಟರು.

ಮೊದಲ ದಿನ ಆಕೆ ನಗಲಿಲ್ಲ. ಕರೋಲ್ ಬಾಗಿನ ಹೋಟೆಲಿನಲ್ಲಿ ಮಸಾಲೆದೋಸೆ ತಿನ್ನುವಾಗಲೂ ಅದನ್ನು ಬಿಡಿಸಿ ಒಳಗೇನಿದೆಯೆಂದು ಪರೀಕ್ಷಿಸಿ ನೋಟ್‌ಬುಕ್ಕಿನಲ್ಲಿ ಏನೋ ಬರೆದುಕೊಂಡರು. ಎರಡನೆಯ ದಿನ ಕಾರ್ಖಾನೆ. ಟಿಪ್ಪಣಿ ಬರೆಯಲು ನಾನೂ ಜೊತೆಗಿದ್ದೆ. ಚಪ್ಪಲಿ ಕಳಚಿ ಬಿಳಿ ಕೋಟು ತೊಟ್ಟು ಬಾಂಡಿಂಗ್ ಹಾಲಿಗೆ ಹೋದೆವು. ಎಂ.ಡಿ. ಮಷೀನುಗಳ ಗುಣಗಾನ ಮಾಡುತ್ತಿದ್ದರೆ ಆಕೆ ನೇರ ರಾಜವತಿಯ ಮೇಜಿನ ಬಳಿ ನಿಂತರು. ರಾಜವತಿ ಹತ್ತಿರದ ಹಳ್ಳಿಯವಳು, ಎಂಟನೆಯ ಕ್ಲಾಸು ಓದಿದ್ದವಳು, ಆ ಹಾಲಿನಲ್ಲೇ ಎಲ್ಲರಿಗಿಂತ ಚುರುಕು ಕೈಯವಳು. ಎದ್ದೇಳು ಎಂದು ಸನ್ನೆ ಮಾಡಿ, ಆಕೆ ತಾವೇ ಸ್ಟೂಲಿನ ಮೇಲೆ ಕೂತು ಮೈಕ್ರೋಸ್ಕೋಪಿಗೆ ಕಣ್ಣಿಟ್ಟರು. ತಂತಿ ತುಂಡಾಯಿತು. ಮತ್ತೆ ಹಾಕಿದರು, ಮತ್ತೆ ತುಂಡಾಯಿತು. ಮೂರನೆಯದೂ ಹೋಯಿತು. ಆಗ ರಾಜವತಿ ಯಾರನ್ನೂ ಕೇಳದೆ, ಬಗ್ಗಿ ಆಕೆಯ ಮಣಿಕಟ್ಟು ಹಿಡಿದು, "ಸಾಂಸ್ ರೋಕೋ" ಎಂದಳು. ಉಸಿರು ಬಿಗಿಹಿಡಿಯಲು ಹೇಳುತ್ತಿದ್ದಾಳೆ ಎಂದು ನಮ್ಮ ಮ್ಯಾನೇಜರು ಇಂಗ್ಲಿಷಿನಲ್ಲಿ ಪಿಸುಗುಟ್ಟಿದರು. ನಾಲ್ಕನೆಯದು ಅಂಟಿತು. ಎರಡು ದಿನದಲ್ಲಿ ಮೊದಲ ಸಲ ಆಕೆ ನಕ್ಕರು.

ಆಮೇಲೆ ಆಕೆ ಎದ್ದು ನಿಂತು, ಇಲ್ಲಿ ಕೆಟ್ಟುಹೋಗುವ ಮಾಲು ಎಷ್ಟು ಎಂದು ಕೇಳಿದರು. ಎಂ.ಡಿ. ಉತ್ತರಿಸಲು ಬಾಯಿ ತೆರೆದಿದ್ದರು. ನಾವು ಕಳಿಸಿದ್ದ ಪುಸ್ತಿಕೆಯಲ್ಲಿ ಅಂಥದ್ದು ಇಲ್ಲವೇ ಇಲ್ಲ ಎಂಬಂತೆ ಬರೆದಿತ್ತು. ಅಷ್ಟರಲ್ಲಿ ನಮ್ಮ ಮ್ಯಾನೇಜರು ಆ ಪ್ರಶ್ನೆಯನ್ನು ಹಿಂದಿಗೆ ತಿರುಗಿಸಿ ರಾಜವತಿಯನ್ನೇ ಕೇಳಿದರು. ಅವಳು ಎಂ.ಡಿ. ಮುಖ ನೋಡಿದಳು, ಇವರ ಮುಖ ನೋಡಿದಳು. ಆಮೇಲೆ ಇದ್ದದ್ದು ಇದ್ದಹಾಗೆ ಹೇಳಿದಳು: ಮಧ್ಯಾಹ್ನ ಕರೆಂಟು ಹೋಗಿ ಬಂದಮೇಲೆ ಮಷೀನು ಬಿಸಿಯಾಗುವವರೆಗೆ ಮಾಡಿದ ಮೊದಲ ಹತ್ತು ಹದಿನೈದು ಕೆಟ್ಟಿರುತ್ತವೆ, ಟೆಸ್ಟಿಂಗಿನವರಿಗೆ ಅದು ಯಾವಾಗಲೂ ಸಿಗುವುದಿಲ್ಲ, ನಮ್ಮ ಕಣ್ಣಿಗೆ ಗೊತ್ತಾಗುತ್ತದೆ, ಅದಕ್ಕೇ ನಾವೇ ಎತ್ತಿ ಬೇರೆ ಡಬ್ಬಿಗೆ ಹಾಕುತ್ತೇವೆ. ಸ್ಟೂಲಿನ ಕೆಳಗಿನಿಂದ ಆ ಡಬ್ಬಿಯನ್ನೂ ತೆಗೆದು ತೋರಿಸಿದಳು.

ಇದನ್ನು ಸ್ವಲ್ಪ ಮೆತ್ತಗೆ ಮಾಡಿ ಹೇಳಬಹುದಿತ್ತು. ನಾನಾಗಿದ್ದರೆ ಹಾಗೇ ಮಾಡುತ್ತಿದ್ದೆ. ಅವರು ಒಂದು ಪದವನ್ನೂ ಬಿಡದೆ ಇಂಗ್ಲಿಷಿಗೆ ತಿರುಗಿಸಿದರು. ಎಂ.ಡಿ.ಯ ಕಿವಿ ಕೆಂಪಾಗುತ್ತಿದ್ದುದು ಹಿಂದೆ ನಿಂತ ನನಗೆ ಕಾಣುತ್ತಿತ್ತು. ಆಕೆ ನೋಟ್‌ಬುಕ್ ತೆರೆದು ಬಹಳ ಹೊತ್ತು ಬರೆದರು. ಕನಾಟ್ ಪ್ಲೇಸಿಗೆ ಮರಳುವ ದಾರಿಯಲ್ಲಿ ಇವರು, ಏನೂ ಆಗದವರ ಹಾಗೆ, ಯಮುನೆಯ ಸೇತುವೆ ಬಂದಾಗ ಇದು ಯಮುನೆ ಎಂದು ಆಕೆಗೆ ತೋರಿಸಿದರು.

ಮಾರನೆಯ ಬೆಳಿಗ್ಗೆ ಆಕೆ ಆಫೀಸಿಗೆ ಬಂದು ಕೂತರು. ನಾನು ಎಷ್ಟೋ ಕಾರ್ಖಾನೆ ನೋಡಿದ್ದೇನೆ, ಎಲ್ಲ ಕಡೆಯೂ ಮಾಲು ಕೆಡುವುದೇ ಇಲ್ಲವೆಂದು ಮ್ಯಾನೇಜರುಗಳು ಹೇಳಿದ್ದಾರೆ, ಕೆಟ್ಟ ಮಾಲಿನ ಡಬ್ಬಿ ತೋರಿಸಿದವರು ನೀವೇ ಮೊದಲು ಎಂದರು. ಕರೆಂಟು ಹೋಗಿಬಂದಾಗಿನ ಮಾಲನ್ನು ಬೇರೆಯಾಗಿ ಇಡಬೇಕೆಂಬ ಒಂದು ಷರತ್ತು ಬರೆಸಿ ಒಪ್ಪಂದಕ್ಕೆ ಸಹಿ ಹಾಕಿದರು. ಅದನ್ನು ಟೈಪು ಮಾಡಿದವಳು ನಾನು. ತಪ್ಪು ಮಾಡಿ ಎರಡು ಸಲ ಹಾಳೆ ಬದಲಿಸಿದೆ.

ಆಕೆಯನ್ನು ಕಳಿಸಿಕೊಟ್ಟಮೇಲೆ ಎಂ.ಡಿ. ನಮ್ಮ ಕೋಣೆಗೇ ಬಂದರು. ಬೈಗುಳ ಬರುತ್ತದೆಂದು ನಾನು ಎದ್ದು ಹೊರಡಲು ನೋಡಿದೆ. ಇವರು ಟ್ರೇಯಿಂದ ಸಹಿ ಹಾಕದ ಆ ಪತ್ರ ತೆಗೆದು ಮೇಜಿನ ಮೇಲಿಟ್ಟು, ಹಿಂದಿಯಲ್ಲಿ ಒಂದೇ ಪ್ರಶ್ನೆ ಕೇಳಿದರು: ಸಾಹೇಬ್, ಇವತ್ತು ಈ ಮಾರಾಟ ಮಾಡಿದ್ದು ಯಾರು?

ಎಂ.ಡಿ. ಪತ್ರ ನೋಡಿದರು. ನಿಮ್ಮಷ್ಟು ಹಟದ ಮನುಷ್ಯನನ್ನು ಕಂಡಿಲ್ಲ ಎಂದು ಹೇಳಿ ಹೋದರು. ಬೋರ್ಡಿನ ಒಪ್ಪಿಗೆ ಸಿಗಲು ಎರಡು ತಿಂಗಳಾಯಿತು. ಎರಡು ವರ್ಷ ಕೆಲಸ ಮಾಡಿದ ದಿನಗೂಲಿಯ ಹೆಂಗಸರನ್ನೂ ಸೇರಿಸಿ ಎರಡನೆಯ ಪಟ್ಟಿ ಬಂತು. ಅಷ್ಟರಲ್ಲಿ ಇವರ ಮೊದಲ ಪತ್ರದ ಗಡುವು ಮುಗಿದುಹೋಗಿತ್ತು. ನಿಯಮ ನಿಯಮವೇ ಎಂದರು ಕಂಪನಿ ಸೆಕ್ರೆಟರಿ. ಎರಡನೆಯ ಪಟ್ಟಿಯಲ್ಲಿ ಎಲ್ಲರಿಗೂ ಸಮಪಾಲು, ಹಾಗಾಗಿ ಇವರಿಗೆ ಸಿಕ್ಕಿದ್ದೂ ರಾಜವತಿಗೆ ಸಿಕ್ಕಷ್ಟೇ. ಜನಕಪುರಿಯ ಫ್ಲ್ಯಾಟು ಆರು ವರ್ಷ ಮುಂದಕ್ಕೆ ಹೋಯಿತು. ಆ ಆರು ವರ್ಷವೂ ಅವರ ಹೆಂಡತಿ ಈ ಮಾತನ್ನು ವಾರಕ್ಕೊಮ್ಮೆಯಾದರೂ ನೆನಪಿಸುತ್ತಿದ್ದರು, ಅವರು ಅಷ್ಟೇ ಸಲ ನಗುತ್ತಿದ್ದರು.

ಷೇರು ಅಂದರೇನು ಎಂದು ಹೆಂಗಸರಿಗೆ ತಿಳಿಸುವ ಕೆಲಸ ಅವರ ಪಾಲಿಗೇ ಬಂತು. ಊಟದ ಹೊತ್ತಿನಲ್ಲಿ ಕ್ಯಾಂಟೀನಿನ ಬೆಂಚಿನ ಮೇಲೆ ನಿಂತು ಹೇಳಿದರು: ಊರವರೆಲ್ಲ ಸೇರಿ ಒಂದು ಎಮ್ಮೆ ಕೊಂಡ ಹಾಗೆ, ಹಾಲು ಕರೆದಷ್ಟು ಎಲ್ಲರಿಗೂ ಪಾಲು. ಹಿಂದಿನ ಸಾಲಿನಿಂದ ಒಬ್ಬಳು ಎಮ್ಮೆ ಸತ್ತರೆ ಎಂದಳು. ಎಲ್ಲರೂ ನಕ್ಕರು. ಅವರು ನಗಲಿಲ್ಲ. "ಸತ್ತರೆ ಹಾಕಿದ ದುಡ್ಡು ಹೋಯಿತು. ನಿಮ್ಮದೂ ಹೋಗುತ್ತೆ, ನನ್ನದೂ ಹೋಗುತ್ತೆ. ಸಾಯೋದಿಲ್ಲ ಅಂತ ನಾನು ಮಾತು ಕೊಡೋದಿಲ್ಲ" ಎಂದು ಹಿಂದಿಯಲ್ಲಿ ಸ್ಪಷ್ಟವಾಗಿ ಹೇಳಿದರು. ಮನೆಯಲ್ಲಿ ಕೇಳಿ, ಬೇಡವೆನಿಸಿದರೆ ಬಿಡಿ ಎಂದರು. ಸುಮಾರು ಅರ್ಧದಷ್ಟು ಹೆಂಗಸರು ಬಿಟ್ಟರು. ಉಳಿದವರು ಕೊಂಡರು. ಅವರಲ್ಲಿ ಯಾರೂ ಶ್ರೀಮಂತರಾಗಲಿಲ್ಲ. ಕೆಲವರು ಮಗಳ ಮದುವೆಗೆಂದು ಒಳ್ಳೆಯ ಬೆಲೆಗೆ ಮಾರಿದರು. ಕೊನೆಯವರೆಗೂ ಇಟ್ಟುಕೊಂಡವರಿಗೆ, ಮುಂದೆ ಹೊರಗಿನ ಅಗ್ಗದ ಮಾಲು ಬಂದು ಕಂಪನಿ ಸೊರಗಿದಾಗ, ಕೈಗೆ ಹೆಚ್ಚೇನೂ ಬರಲಿಲ್ಲ. ನನ್ನದನ್ನು ನಾನು ಮಾರಿ ಅಪ್ಪನಿಗೆ ಒಂದು ರೇಡಿಯೋ ತಂದುಕೊಟ್ಟೆ.

ಕಳೆದ ಚಳಿಗಾಲ ಅವರ ಮಗಳು ಫೋನು ಮಾಡಿ, "ಆಂಟಿ, ಪಪ್ಪಾ ನಹೀಂ ರಹೇ, ಹೋಗ್ಬಿಟ್ರು. ಬೆಳಿಗ್ಗೆ ಚಾಯ್ ಕುಡಿದು ಕೂತಿದ್ರು, ಬಸ್, ಅಷ್ಟೇ" ಎಂದಾಗ ನಾನು ವಸಂತ್ ಕುಂಜ್‌ನ ನಮ್ಮ ಮನೆಯ ಬಾಲ್ಕನಿಯಲ್ಲಿದ್ದೆ. ದುಃಖಕ್ಕಿಂತ ಮೊದಲು ನನಗೆ ನೆನಪಾದದ್ದು ಷೇರುದಾರರ ಒಂದು ವಾರ್ಷಿಕ ಸಭೆ.

ದಿಲ್ಲಿಯಲ್ಲಿ ಬಾಡಿಗೆಗೆ ಹಿಡಿದ ಒಂದು ಸಭಾಂಗಣ. ಷೇರು ಕೊಂಡ ಹೆಂಗಸರೆಲ್ಲ ಒಳ್ಳೆಯ ಸೀರೆ ಉಟ್ಟು ಬಸ್ಸಿನಲ್ಲಿ ಬಂದಿದ್ದರು. ಕೆಲವರ ಕೈಯಲ್ಲಿ ಸ್ವೆಟರ್ ಹೆಣಿಗೆ. ಸೂಟು ತೊಟ್ಟ ಗಂಡಸರ ನಡುವೆ ಅವರದು ಮೂರು ಸಾಲು. ಲೆಕ್ಕಪತ್ರ ಓದಿಯಾಯಿತು, ಇಂಗ್ಲಿಷಿನಲ್ಲಿ. ಪ್ರಶ್ನೆಗಳಿವೆಯೇ ಎಂದು ಎಂ.ಡಿ. ವಾಡಿಕೆಯಂತೆ ಕೇಳಿ, ಕಾಗದ ಜೋಡಿಸಿಕೊಳ್ಳತೊಡಗಿದರು. ರಾಜವತಿ ಎದ್ದು ನಿಂತಳು. ಮೈಕು ಬೇಡವೆಂದಳು.

ಮಷೀನುಗಳ ರಿಪೇರಿಗೆಂದು ಈ ಲೆಕ್ಕದಲ್ಲಿ ಇಷ್ಟು ಬರೆದಿದೆಯಂತೆ, ಓದಿಸಿ ಕೇಳಿದೆ, ಒಳ್ಳೆಯದು ಎಂದಳು. ಆಮೇಲೆ, "ಔರ್ ಆಂಖೋಂ ಕೀ ಮರಮ್ಮತ್?" ಎಂದು ಕೇಳಿದಳು. ಕಣ್ಣುಗಳ ರಿಪೇರಿ ಯಾವ ಪುಟದಲ್ಲಿದೆ? ಎಂಟು ಗಂಟೆ ಮೈಕ್ರೋಸ್ಕೋಪಿಗೆ ಇಟ್ಟ ಕಣ್ಣೂ ಕಂಪನಿಯ ಮಷೀನೇ ಅಲ್ಲವೇ? ವರ್ಷಕ್ಕೆರಡು ಸಲ ಕಣ್ಣಿನ ಡಾಕ್ಟರು ಬರಬೇಕು, ಬೇಕಾದವರಿಗೆ ಕನ್ನಡಕ ಕಂಪನಿ ಕೊಡಬೇಕು.

ಇದು ಇವತ್ತಿನ ವಿಷಯಗಳಲ್ಲಿಲ್ಲ ಎಂದು ಸೆಕ್ರೆಟರಿ ಹೇಳುತ್ತಿದ್ದಂತೆ, ಹಿಂದಿನ ಸಾಲಿನಲ್ಲಿ ಕೂತಿದ್ದ ನಮ್ಮ ಮ್ಯಾನೇಜರು ಎದ್ದರು. ಸದಸ್ಯರ ಸಲಹೆಯನ್ನು ನಾನು ಅನುಮೋದಿಸುತ್ತೇನೆ ಎಂದರು. ನೀವು ಆಫೀಸರಲ್ಲವೇ, ಹೀಗೆ ಎದ್ದು ಮಾತಾಡುವುದೇ ಎಂದು ಎಂ.ಡಿ. ಕೇಳಿದರು. ಇವತ್ತು ನಾನೂ ಇವರಷ್ಟೇ ಪಾಲುದಾರ, ಒಂದು ಷೇರೂ ಹೆಚ್ಚಿಲ್ಲ ಎಂದು ಇವರು ಉತ್ತರಿಸಿದರು. ಮೊದಲು ನಕ್ಕವರು ಎಂ.ಡಿ.ಯೇ. ಸೂಟಿನವರಲ್ಲೂ ಒಬ್ಬಿಬ್ಬರು ಚಪ್ಪಾಳೆ ತಟ್ಟಿದರು. ತಿಂಗಳೊಳಗೆ ಕಣ್ಣಿನ ಡಾಕ್ಟರನ್ನು ಕರೆಸುವುದಾಗಿ ಎಂ.ಡಿ. ಅಲ್ಲೇ ಒಪ್ಪಿದರು.

ಡಾಕ್ಟರು ಬಂದ ದಿನ ಮ್ಯಾನೇಜರೂ ನಾನೂ ಸಾಹಿಬಾಬಾದಿಗೆ ಹೋಗಿದ್ದೆವು. ಕ್ಯಾಂಟೀನಿನ ಗೋಡೆಗೆ ಅಕ್ಷರದ ಹಲಗೆ ನೇತುಹಾಕಿ ಒಬ್ಬೊಬ್ಬರನ್ನೇ ಕೂರಿಸಿ ನೋಡಿದರು. ಹತ್ತಾರು ಮಂದಿಗೆ ಕನ್ನಡಕ ಬೇಕಾಯಿತು. ಒಬ್ಬಳಿಗಂತೂ ಇಷ್ಟು ದಿನ ಹೇಗೆ ಕೆಲಸಮಾಡಿದಳೋ ಎಂದು ಡಾಕ್ಟರೇ ಬೆರಗಾದರು. ರಾಜವತಿಯ ಸರದಿ ಕೊನೆಗೆ ಬಂತು. ಹಲಗೆಯ ತಳದ ಸಾಲಿನವರೆಗೂ ತಡವರಿಸದೆ ಓದಿದಳು. ಅವಳ ಕಣ್ಣಿಗೆ ಏನೂ ಆಗಿರಲಿಲ್ಲ, ತನಗೆ ಅದು ಮೊದಲೇ ಗೊತ್ತಿತ್ತು ಎಂದು ನಗುತ್ತಾ ಎದ್ದುಹೋದಳು.

ನಮ್ಮ ಮ್ಯಾನೇಜರು ಬಾಗಿಲ ಬಳಿ ನಿಂತು ನೋಡುತ್ತಿದ್ದರು. ನನ್ನ ಕಡೆ ತಿರುಗಿ, "ನೋಡಿದ್ಯಾ, ತನಗೆ ಬೇಡದೇ ಇದ್ದದ್ದಕ್ಕೆ ಅಷ್ಟು ಜನರ ಮುಂದೆ ಎದ್ದು ನಿಂತಿದ್ಳು. ಅಂಥವರೂ ಇರ್ತಾರೆ" ಎಂದರು. ಅಂಥವರನ್ನು ಜೀವಮಾನದಲ್ಲೇ ಮೊದಲ ಸಲ ಕಂಡವರ ಹಾಗೆ ಅವರಿಗೆ ನಿಜವಾಗಿ ಆಶ್ಚರ್ಯವಾಗಿತ್ತು.